ಯಲ್ಲಾಪ್ರಗಡ ಸುಬ್ಬರಾವ್: ಗೆದ್ದಂತೆ ಕಂಡ ಮದ್ದು, ಉಳಿದುಹೋದ ಲೆಕ್ಕ

ಸಕಲೇಶಪುರದ ಕಾಫಿ ತೋಟಗಳ ಲೈನ್ ಮನೆಗಳಿಗೆ, ಆಲೂರು ಕಡೆಯ ಹಳ್ಳಿಗಳಿಗೆ ಆಶಾ ಕಾರ್ಯಕರ್ತೆಯರು ಹೊತ್ತು ತರುವ ಚೀಲದಲ್ಲಿ ಒಂದು ಮಾತ್ರೆ ಇದ್ದೇ ಇರುತ್ತದೆ. ಬಸುರಿಯರಿಗೆ ಕೊಡುವ ಅದನ್ನು ಎಲ್ಲರೂ ಕಬ್ಬಿಣಾಂಶದ ಮಾತ್ರೆ ಅಂತಾರೆ. ಅದರಲ್ಲಿ ಕಬ್ಬಿಣದ ಜೊತೆಗೆ ಫೋಲಿಕ್ ಆಮ್ಲ ಎಂಬ ವಿಟಮಿನ್ ಕೂಡ ಇದೆ. ಇನ್ನೊಂದು ಮಾತ್ರೆ ಅಪರೂಪದ್ದು. ರಕ್ತದ ಕ್ಯಾನ್ಸರಿಗೆ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಊರಿಗೆ ಮರಳಿದ ಮಗುವಿನ ಚೀಟಿಯಲ್ಲಿ ವಾರಕ್ಕೊಮ್ಮೆ ಎಂದು ಬರೆದಿರುವ ಮೆಥೊಟ್ರೆಕ್ಸೇಟ್ ಅದು. ಮೊದಲನೆಯದು ರಕ್ತ ಬೆಳೆಯಲು ಬೇಕಾದ ವಿಟಮಿನ್. ಎರಡನೆಯದು ಅದೇ ವಿಟಮಿನ್ನಿನ ವೇಷ ಹಾಕಿ ಬಂದು ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ತಡೆಯುವ ಮದ್ದು. ಎರಡರ ಹಿಂದೆಯೂ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಒಬ್ಬರೇ ಮನುಷ್ಯರ ದುಡಿಮೆ ಇದೆ. ಅವರು ಯಲ್ಲಾಪ್ರಗಡ ಸುಬ್ಬರಾವ್.

ಸುಬ್ಬರಾವ್ ಅವರನ್ನು ನಾವು ನೆನೆಯುವುದು ನೊಬೆಲ್ ತಪ್ಪಿದ ಭಾರತೀಯ ಎಂದು. ಆ ಅನ್ಯಾಯ ನಿಜವೇ. ಆದರೆ ಅವರ ಬದುಕಿನ ಕೊನೆಯ ವರ್ಷದಲ್ಲಿ ಶುರುವಾಗಿ, ಅವರು ಹೋದ ಮೇಲೆ ಮುಂದುವರಿದ ಇನ್ನೊಂದು ಕತೆ ಇದೆ. ಮದ್ದು ಕೆಲಸ ಮಾಡಿತು ಎಂದು ಎಲ್ಲರೂ ನಿಟ್ಟುಸಿರು ಬಿಟ್ಟ ಮೇಲೆ ರೋಗ ಯಾಕೆ ಮರಳಿ ಬಂತು ಎಂಬ ಕತೆ ಅದು. ಅದಕ್ಕೆ ಉತ್ತರ ಸಿಕ್ಕಿದ್ದು ಗಣಿತದಿಂದ. ನಮ್ಮ ಗುಡ್ಡಗಾಡಿನ ಮನೆಗಳಿಗೆ ಇವತ್ತು ತಿಳಿದಿರಬೇಕಾದದ್ದು ಆ ಲೆಕ್ಕವೇ.

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು. ಮನೆಯಲ್ಲಿ ಮಕ್ಕಳು ಹೆಚ್ಚು, ದುಡ್ಡು ಕಡಿಮೆ. ಹದಿಮೂರರ ವಯಸ್ಸಿನಲ್ಲಿ ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡುತ್ತೇನೆಂದು ಮನೆ ಬಿಟ್ಟು ಓಡಿದ ಹುಡುಗ. ಅರ್ಧ ದಾರಿಯಲ್ಲೇ ಹಿಡಿದು ಮನೆಗೆ ತಂದರು. ತಂದೆ ತೀರಿಕೊಂಡ ಮೇಲೆ ತಾಯಿ ವೆಂಕಮ್ಮ ಒಡವೆ ಮಾರಿ ಮಗನನ್ನು ಓದಿಸಿದರು. ಮೆಟ್ರಿಕ್ ಪಾಸಾಗಿದ್ದು ಮೂರನೇ ಪ್ರಯತ್ನದಲ್ಲಿ, ಮದರಾಸಿನಲ್ಲಿ. ಅಲ್ಲಿ ರಾಮಕೃಷ್ಣ ಮಠದ ಸೆಳೆತಕ್ಕೆ ಸಿಕ್ಕಿ ಸನ್ಯಾಸಿಯಾಗಲು ಹೊರಟಾಗಲೂ ತಾಯಿ ಒಪ್ಪಲಿಲ್ಲ. ಕೊನೆಗೆ ಹಿಡಿದದ್ದು ವೈದ್ಯಕೀಯ.

ಮದರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದುವಾಗ ಗಾಂಧೀಜಿಯ ಕರೆಗೆ ಓಗೊಟ್ಟು ಶಸ್ತ್ರಚಿಕಿತ್ಸೆಯ ಕೋಣೆಗೂ ಖಾದಿಯ ನಿಲುವಂಗಿ ತೊಟ್ಟು ಹೋದರು. ಇಂಗ್ಲಿಷ್ ಪ್ರೊಫೆಸರರಿಗೆ ಅದು ಹಿಡಿಸಲಿಲ್ಲ. ಪೂರ್ಣ ಎಂಬಿಬಿಎಸ್ ಪದವಿಯ ಬದಲು ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಪ್ರಮಾಣಪತ್ರವಷ್ಟೇ ಕೈಗೆ ಬಂತು. ಸರ್ಕಾರಿ ಕೆಲಸ ಸಿಗದೆ ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಪಾಠ ಮಾಡಿದರು.

ಅದೇ ಕಾಲಕ್ಕೆ ಇಬ್ಬರು ಸೋದರರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಅವರನ್ನು ಕೊಂದದ್ದು ಸ್ಪ್ರೂ ಎಂಬ ಕರುಳಿನ ಕಾಯಿಲೆ. ತಿಂದದ್ದು ಮೈಗೆ ಹತ್ತದೆ, ಭೇದಿ ನಿಲ್ಲದೆ, ರಕ್ತ ಬತ್ತಿ ಮನುಷ್ಯ ಸವೆದು ಹೋಗುತ್ತಾನೆ. ಸುಬ್ಬರಾವ್‌ಗೂ ಅದೇ ಕಾಯಿಲೆ ತಗುಲಿ ಹೇಗೋ ಉಳಿದರು. ಈ ಸಾವುಗಳು ಅವರನ್ನು ಕೊನೆವರೆಗೂ ಬಿಡಲಿಲ್ಲ.

1920ರ ದಶಕದ ಆರಂಭದಲ್ಲಿ, ಮಾವನ ನೆರವು ಮತ್ತು ಒಂದು ಧರ್ಮಸಂಸ್ಥೆಯ ಸಹಾಯದ ಮೇಲೆ ಬಾಸ್ಟನ್ ತಲುಪಿದರು. ಬಸುರಿ ಹೆಂಡತಿ ಶೇಷಗಿರಿ ಊರಲ್ಲೇ ಉಳಿದರು. ಆಮೇಲೆ ಹುಟ್ಟಿದ ಗಂಡು ಮಗು ವರ್ಷ ತುಂಬುವ ಮೊದಲೇ ತೀರಿಕೊಂಡಿತು. ಸುಬ್ಬರಾವ್ ಆ ಮಗುವಿನ ಮುಖ ನೋಡಲಿಲ್ಲ, ಹೆಂಡತಿಯನ್ನು ಮತ್ತೆ ನೋಡಲಿಲ್ಲ, ಭಾರತಕ್ಕೆ ಮರಳಲೂ ಇಲ್ಲ. ವಿಜ್ಞಾನಕ್ಕಾಗಿ ಬದುಕು ತೇಯ್ದವರು ಅಂತ ಇದನ್ನು ಹೊಗಳುವುದು ಸುಲಭ. ಆ ಬೆಲೆಯ ದೊಡ್ಡ ಪಾಲನ್ನು ತೆತ್ತದ್ದು ಊರಲ್ಲಿ ಕಾದು ಕೂತ ಹೆಣ್ಣುಮಗಳು ಎಂಬುದನ್ನೂ ಜೊತೆಗೇ ಹೇಳಬೇಕು.

ಹಾರ್ವರ್ಡ್‌ನಲ್ಲಿ ಹಗಲು ಓದು, ರಾತ್ರಿ ಆಸ್ಪತ್ರೆಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆಯುವ ಕೆಲಸ. ಸೈರಸ್ ಫಿಸ್ಕ್ ಎಂಬವರ ಪ್ರಯೋಗಾಲಯ ಸೇರಿ, ರಕ್ತ ಮತ್ತು ಮೂತ್ರದಲ್ಲಿ ರಂಜಕದ ಪ್ರಮಾಣ ಅಳೆಯುವ ವಿಧಾನವನ್ನು 1925ರಲ್ಲಿ ರೂಪಿಸಿದರು. ಫಿಸ್ಕ್–ಸುಬ್ಬರಾವ್ ವಿಧಾನ ಎಂದು ಅದು ಇವತ್ತಿಗೂ ಪಠ್ಯಪುಸ್ತಕದಲ್ಲಿದೆ. ಸ್ನಾಯುಗಳಲ್ಲಿ ಶಕ್ತಿ ಕೂಡಿಡುವ ಫಾಸ್ಫೋಕ್ರಿಯಾಟಿನ್, ಜೀವಕೋಶದ ಚಿಲ್ಲರೆ ಕಾಸಿನಂತಿರುವ ಎಟಿಪಿ, ಇವೆರಡರ ಶೋಧದಲ್ಲೂ ಅವರ ಪಾಲಿದೆ. 1930ರಲ್ಲಿ ಪಿಎಚ್‌.ಡಿ. ಬಂತು, ಖಾಯಂ ಹುದ್ದೆ ಬರಲೇ ಇಲ್ಲ. 1940ರಲ್ಲಿ ಹಾರ್ವರ್ಡ್ ಬಿಟ್ಟು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಔಷಧ ಕಂಪನಿ ಸೇರಿ, ಮುಂದೆ ಸಂಶೋಧನಾ ವಿಭಾಗದ ಮುಖ್ಯಸ್ಥರಾದರು.

ಆ ಎಂಟು ವರ್ಷದಲ್ಲಿ ಅವರ ತಂಡ ಮಾಡಿದ್ದನ್ನು ನೋಡಿ. ಆನೆಕಾಲು ರೋಗಕ್ಕೆ ಕೊಡುವ ಡಿಇಸಿ ಮಾತ್ರೆ ಬಂದದ್ದು ಅಲ್ಲಿಂದ. ಟೆಟ್ರಾಸೈಕ್ಲಿನ್ ಕುಟುಂಬದ ಮೊದಲ ಆಂಟಿಬಯೋಟಿಕ್ ಆರಿಯೊಮೈಸಿನ್ ಅಲ್ಲೇ ಹುಟ್ಟಿತು. ಫೋಲಿಕ್ ಆಮ್ಲವನ್ನು ಪ್ರಯೋಗಾಲಯದಲ್ಲಿ ತಯಾರಿಸಿದ್ದೂ ಅಲ್ಲೇ. ಈ ಫೋಲಿಕ್ ಆಮ್ಲದ ಜಾಡಿನಲ್ಲಿ ಮುಂಬಯಿ ಕೂಡ ಬರುತ್ತದೆ. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಲ್ಲಿನ ಬಟ್ಟೆ ಗಿರಣಿಗಳ ಬಸುರಿ ಹೆಂಗಸರ ರಕ್ತಹೀನತೆಗೆ ಯೀಸ್ಟ್ ಸಾರ ಕೊಟ್ಟು ಗುಣಪಡಿಸಿ, ಅದರಲ್ಲೇನೋ ಒಂದು ಅಂಶವಿದೆ ಎಂದು 1931ರಲ್ಲೇ ತೋರಿಸಿದ್ದರು. ಆ ಅಂಶವೇ ಫೋಲಿಕ್ ಆಮ್ಲ ಎಂದು ಆಮೇಲೆ ತಿಳಿಯಿತು. ಸೋದರರನ್ನು ತಿಂದ ಸ್ಪ್ರೂ ಕಾಯಿಲೆಗೂ ಮದ್ದು ಅದೇ ಎಂದು ಗೊತ್ತಾದದ್ದು ಸುಬ್ಬರಾವ್ ಬದುಕಿನ ದೊಡ್ಡ ಸಮಾಧಾನ ಇರಬೇಕು.

ಅಲ್ಲಿಂದ ಕತೆ ಕ್ಯಾನ್ಸರಿನ ಕಡೆ ತಿರುಗುತ್ತದೆ. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್, ರಕ್ತದ ಕ್ಯಾನ್ಸರ್ ಬಂದ ಮಕ್ಕಳಿಗೆ ಫೋಲಿಕ್ ಆಮ್ಲದ ಬಗೆಯ ವಸ್ತುಗಳನ್ನು ಕೊಟ್ಟಾಗ ರೋಗ ಇಳಿಯುವ ಬದಲು ಏರಿದಂತೆ ಕಂಡಿತು. ಹಾಗಿದ್ದರೆ ಅದಕ್ಕೆ ಎದುರಾಳಿ ಕೊಟ್ಟರೆ ರೋಗ ತಗ್ಗಬೇಕಲ್ಲ? ನೋಡಲಿಕ್ಕೆ ಫೋಲಿಕ್ ಆಮ್ಲದಂತೆಯೇ ಇದ್ದು, ಕೋಶದೊಳಗೆ ಹೋಗಿ ಅದರ ಕೆಲಸವನ್ನು ಕೆಡಿಸುವ ಅಣುಗಳನ್ನು ಸುಬ್ಬರಾವ್ ತಂಡ ತಯಾರಿಸಿತು. ಬೀಗದೊಳಗೆ ಸಿಕ್ಕಿಕೊಳ್ಳುವ ಕಳ್ಳ ಕೀಲಿಯಂಥವು ಅವು. ಮೊದಲು ಬಂದದ್ದು ಅಮಿನಾಪ್ಟೆರಿನ್, ಅದರ ಬೆನ್ನಿಗೇ ಮೆಥೊಟ್ರೆಕ್ಸೇಟ್.

1948ರ ಜೂನ್‌ನಲ್ಲಿ ಫಾರ್ಬರ್ ಫಲಿತಾಂಶ ಪ್ರಕಟಿಸಿದರು. 16 ಮಕ್ಕಳಲ್ಲಿ 10 ಮಕ್ಕಳಿಗೆ ಗುಣ ಕಂಡಿತ್ತು. ಅದುವರೆಗೆ ಈ ರೋಗ ಬಂದ ಮಗು ವಾರಗಳ ಅಥವಾ ತಿಂಗಳುಗಳ ಅತಿಥಿ ಅಷ್ಟೇ. ಅಂಥ ಮಕ್ಕಳು ಹಾಸಿಗೆ ಬಿಟ್ಟು ಎದ್ದು ಓಡಾಡಿದವು. ಆದರೆ ಕೆಲವೇ ತಿಂಗಳಲ್ಲಿ ರೋಗ ತಿರುಗಿ ಬಂತು. ಈ ಸಲ ಅದೇ ಮದ್ದು ನಾಟಲಿಲ್ಲ. ಗುಣ ತಾತ್ಕಾಲಿಕ ಎಂಬುದನ್ನು ಫಾರ್ಬರ್ ಕೂಡ ಮುಚ್ಚಿಡಲಿಲ್ಲ. ಆ ವರದಿ ಬಂದ ಎರಡೇ ತಿಂಗಳಿಗೆ, ಆಗಸ್ಟ್ 8ರ ರಾತ್ರಿ ಮಲಗಿದ ಸುಬ್ಬರಾವ್ ಮತ್ತೆ ಏಳಲಿಲ್ಲ. ವಯಸ್ಸು 53. ತಮ್ಮ ಮದ್ದು ಗೆದ್ದಂತೆ ಕಂಡದ್ದನ್ನು ಅವರು ನೋಡಿದರು. ಅದು ಯಾಕೆ ಸೋತಿತು, ಮತ್ತೆ ಹೇಗೆ ಗೆದ್ದಿತು ಎಂಬುದನ್ನು ನೋಡಲು ಉಳಿಯಲಿಲ್ಲ.

ಮದ್ದು ಯಾಕೆ ಸೋತಿತು? ಇದನ್ನು ಮಲೆನಾಡಿನ ಕೃಷಿಕರಿಗೆ ಅರ್ಥ ಮಾಡಿಸುವುದು ಬಹಳ ಸುಲಭ. ಕಾಫಿಯ ಎಲೆ ತುಕ್ಕು ರೋಗ ಗೊತ್ತಲ್ಲ? ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯ ತೋಟಗಳಲ್ಲಿ ಈ ತುಕ್ಕಿಗೆ ಬಗ್ಗದ ಕೆಂಟ್ಸ್ ಎಂಬ ಅರೇಬಿಕಾ ತಳಿ ಸಿಕ್ಕಿತು. ಪ್ಲಾಂಟರುಗಳು ಅದನ್ನೇ ನೆಟ್ಟರು. ಕೆಲವು ವರ್ಷ ಕಳೆಯುವಷ್ಟರಲ್ಲಿ ಆ ತಳಿಯ ಎಲೆಯ ಮೇಲೂ ಕಿತ್ತಳೆ ಬಣ್ಣದ ಪುಡಿ ಕಾಣಿಸಿತು. ತುಕ್ಕಿನಲ್ಲಿ ಒಂದೇ ಬಗೆಯಿಲ್ಲ, ಹಲವು ಬಗೆಗಳಿವೆ ಎಂದು 1930ರ ದಶಕದಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ವಿಲ್ಸನ್ ಮೇನ್ ತೋರಿಸಿದರು. ಕೆಂಟ್ಸ್ ತಳಿ ಒಂದು ಬಗೆಯನ್ನು ತಡೆಯಿತು, ಇನ್ನೊಂದಕ್ಕೆ ಖಾಲಿ ಮೈದಾನ ಬಿಟ್ಟುಕೊಟ್ಟಿತು. ಆಲೂಗಡ್ಡೆ ಬೆಳೆಯುವ ಹಾಸನ, ಆಲೂರಿನ ರೈತರಿಗೆ ಅಂಗಮಾರಿಯ ವಿಷಯದಲ್ಲೂ ಇದೇ ಅನುಭವ. ಮೆಟಲಾಕ್ಸಿಲ್ ಎಂಬ ಶಿಲೀಂಧ್ರನಾಶಕ 1970ರ ದಶಕದ ಕೊನೆಗೆ ಬಂದಾಗ ಅಂಗಮಾರಿ ಇನ್ನಿಲ್ಲ ಅಂದುಕೊಂಡರು. 1980ರ ಹೊತ್ತಿಗೆ ಐರ್ಲೆಂಡ್, ನೆದರ್ಲೆಂಡ್ಸ್‌ನ ಹೊಲಗಳಲ್ಲಿ ಅದಕ್ಕೆ ಜಗ್ಗದ ಅಂಗಮಾರಿ ಹಬ್ಬಿತ್ತು. ಅದಕ್ಕೇ ಇವತ್ತು ಅಂಗಡಿಯಲ್ಲಿ ಅದನ್ನು ಮ್ಯಾಂಕೋಜೆಬ್ ಜೊತೆ ಬೆರೆಸಿ ಮಾರುವುದು. ಒಂದರಿಂದ ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಸಿಗಲಿ ಅಂತ.

ಆದರೆ ಇಲ್ಲಿ ಒಂದು ಗಟ್ಟಿ ಪ್ರಶ್ನೆ ಇದೆ. ಮದ್ದಿಗೆ ಬಗ್ಗದ ಜೀವಿ ಮದ್ದು ತಗುಲಿದ ಮೇಲೆ ಹುಟ್ಟುತ್ತದೋ, ಮೊದಲೇ ಇರುತ್ತದೋ? ಕ್ಯಾನ್ಸರ್ ಮದ್ದಿನ ಬಗ್ಗೆ ನಮ್ಮ ಹಳ್ಳಿಗಳಲ್ಲಿ ಕೇಳುವ ಮಾತು ಗೊತ್ತೇ ಇದೆ: ಆಸ್ಪತ್ರೆಗೆ ಹೋಗಿ ಮದ್ದು ಹಾಕಿಸಿದ ಮೇಲೇ ಕಾಯಿಲೆ ಜೋರಾಯ್ತು ಅಂತ.

ಇದಕ್ಕೆ ಉತ್ತರ ಹುಡುಕಿದವರು ಸಾಲ್ವಡಾರ್ ಲೂರಿಯಾ ಮತ್ತು ಮ್ಯಾಕ್ಸ್ ಡೆಲ್‌ಬ್ರುಕ್. ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಸ್ ಇಟ್ಟುಕೊಂಡು 1943ರಲ್ಲಿ ಅವರು ಪ್ರಕಟಿಸಿದ ಪ್ರಯೋಗದ ತರ್ಕ ಸರಳ. ಬೇರೆ ಬೇರೆ ಕೊಳವೆಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಎಲ್ಲಕ್ಕೂ ವೈರಸ್ ಸೋಕಿಸಿ, ಉಳಿದವನ್ನು ಎಣಿಸುವುದು. ಸೋಂಕಿನ ಹೊಡೆತಕ್ಕೆ ಸಿಕ್ಕ ಮೇಲೆ ಪ್ರತಿರೋಧ ಹುಟ್ಟುವುದಾದರೆ ಎಲ್ಲ ಕೊಳವೆಗಳಲ್ಲೂ ಹೆಚ್ಚುಕಡಿಮೆ ಅಷ್ಟಷ್ಟೇ ಉಳಿಯಬೇಕು. ಮೊದಲೇ ಆಕಸ್ಮಿಕವಾಗಿ ಹುಟ್ಟಿದ್ದರೆ, ಬೇಗ ಹುಟ್ಟಿದ ಕೊಳವೆಯಲ್ಲಿ ಅದರ ಮಕ್ಕಳು ಮೊಮ್ಮಕ್ಕಳು ಸೇರಿ ರಾಶಿ ಇರಬೇಕು, ಉಳಿದವುಗಳಲ್ಲಿ ಒಂದೋ ಎರಡೋ ಅಥವಾ ಏನೂ ಇಲ್ಲ. ಲಾಟರಿ ಹೊಡೆದ ಹಾಗೆ. ಅವರಿಗೆ ಕಂಡದ್ದು ಲಾಟರಿಯೇ. 1952ರಲ್ಲಿ ಅಮೆರಿಕದ ಲಾಯ್ಡ್ ಲಾ ಇದೇ ಎಣಿಕೆಯನ್ನು ಇಲಿಗಳ ರಕ್ತದ ಕ್ಯಾನ್ಸರಿಗೆ ಹೊಂದಿಸಿದರು. ಅವರು ಬಳಸಿದ ಮದ್ದು ಮೆಥೊಟ್ರೆಕ್ಸೇಟ್. ಅಲ್ಲೂ ಲಾಟರಿಯೇ ಕಂಡಿತು. ಅಂದರೆ ಸುಬ್ಬರಾವ್ ಮದ್ದು ಕೋಶಗಳನ್ನು ಮೊಂಡು ಮಾಡಲಿಲ್ಲ. ಮೊದಲೇ ಇದ್ದ ನಾಲ್ಕಾರು ಮೊಂಡುಗಳನ್ನು ಉಳಿಸಿ, ಉಳಿದವನ್ನೆಲ್ಲ ಗುಡಿಸಿತು. ಖಾಲಿಯಾದ ಜಾಗದಲ್ಲಿ ಅವು ತಿರುಗಿ ತುಂಬಿಕೊಂಡವು.

ಇನ್ನು ಲೆಕ್ಕಕ್ಕೆ ಬರೋಣ. ರೋಗ ಪತ್ತೆಯಾಗುವ ಹೊತ್ತಿಗೆ ಮಗುವಿನ ಮೈಯಲ್ಲಿ ಸುಮಾರು ಒಂದು ಲಕ್ಷ ಕೋಟಿ ಕ್ಯಾನ್ಸರ್ ಕೋಶಗಳಿರುತ್ತವೆ. 1960ರ ದಶಕದಲ್ಲಿ ಹೊವರ್ಡ್ ಸ್ಕಿಪ್ಪರ್ ಇಲಿಗಳ ಮೇಲೆ ಪ್ರಯೋಗ ಮಾಡಿ ಎರಡು ಮಾತು ಹೇಳಿದರು. ಒಂದು, ಉಳಿದ ಒಂದೇ ಒಂದು ಕೋಶ ಸಾಕು, ಬೆಳೆದು ಇಲಿಯನ್ನು ಕೊಲ್ಲಲು. ಎರಡು, ಒಂದು ಸುತ್ತಿನ ಮದ್ದು ಇಂತಿಷ್ಟು ಕೋಶ ಎಂದು ಕೊಲ್ಲುವುದಿಲ್ಲ, ಇಂತಿಷ್ಟು ಪಾಲು ಎಂದು ಕೊಲ್ಲುತ್ತದೆ. ಒಂದು ಸುತ್ತಿಗೆ ಸಾವಿರದಲ್ಲಿ 999 ಸತ್ತವು ಅಂದುಕೊಳ್ಳಿ. ಲಕ್ಷ ಕೋಟಿ ನೂರು ಕೋಟಿಗೆ ಇಳಿಯಿತು. ಈ ಹಂತದಲ್ಲಿ ಜ್ವರ ಇಲ್ಲ, ಮೈ ಬಿಳುಚಿಲ್ಲ, ಸೂಕ್ಷ್ಮದರ್ಶಕದ ಕೆಳಗೂ ಕೆಟ್ಟ ಕೋಶ ಕಾಣುವುದು ಕಷ್ಟ. ಮಗು ಆಡುತ್ತಿದೆ, ಉಣ್ಣುತ್ತಿದೆ. ಮನೆಯವರು ವಾಸಿಯಾಯ್ತು ಅನ್ನುತ್ತಾರೆ. ಒಳಗೆ ಇನ್ನೂ ನೂರು ಕೋಟಿ ಕೂತಿವೆ! ಅದೇ ಹೊಡೆತದ ಎರಡನೇ ಸುತ್ತಿಗೆ ಹತ್ತು ಲಕ್ಷ, ಮೂರನೆಯದಕ್ಕೆ ಸಾವಿರ, ನಾಲ್ಕನೆಯದಕ್ಕೆ ಒಂದು. ನಡುವೆ ಅವು ಬೆಳೆಯುತ್ತಲೂ ಇರುವುದರಿಂದ ನಿಜವಾದ ದಾರಿ ಇದಕ್ಕಿಂತ ಉದ್ದ.

ಇದಕ್ಕೆ ಮೊಂಡುಗಳ ಲೆಕ್ಕ ಸೇರಿಸಿ. ಒಂದು ಮದ್ದಿಗೆ ಬಗ್ಗದ ಕೋಶ ಹತ್ತು ಲಕ್ಷಕ್ಕೊಂದು ಎಂದು ಲೆಕ್ಕ ತಿಳಿಯುವುದಕ್ಕಾಗಿ ಹಿಡಿಯೋಣ. ಲಕ್ಷ ಕೋಟಿಯಲ್ಲಿ ಅಂಥವು ಹತ್ತು ಲಕ್ಷ. ಒಂದೇ ಮದ್ದು ಕೊಟ್ಟರೆ ರೋಗ ಮರಳುವುದು ಖಾತ್ರಿ. ಬೇರೆ ದಾರಿಯಲ್ಲಿ ಕೊಲ್ಲುವ ಎರಡನೇ ಮದ್ದನ್ನೂ ಒಟ್ಟಿಗೇ ಕೊಟ್ಟರೆ, ಎರಡರಿಂದಲೂ ತಪ್ಪಿಸಿಕೊಳ್ಳಬಲ್ಲದ್ದು ಲಕ್ಷ ಕೋಟಿಗೆ ಒಂದು. ಮೂರು ಮದ್ದಾದರೆ ಅಂಥ ಕೋಶ ಇರುವ ಸಾಧ್ಯತೆಯೇ ಹತ್ತು ಲಕ್ಷದಲ್ಲಿ ಒಂದು ಪಾಲು. ಹೈಸ್ಕೂಲಿನ ಗುಣಾಕಾರ ಅಷ್ಟೇ. ಕ್ಷಯಕ್ಕೆ ಒಂದೇ ಮಾತ್ರೆ ಕೊಡದೆ ಹಲವನ್ನು ಒಟ್ಟಿಗೆ ಕೊಡುವುದೂ ಇದೇ ಗುಣಾಕಾರದ ಮೇಲೆ.

1960ರ ದಶಕದಲ್ಲಿ ಅಮೆರಿಕದ ಎಮಿಲ್ ಫ್ರೈ ಮತ್ತು ಎಮಿಲ್ ಫ್ರೈರೈಖ್ ನಾಲ್ಕು ಮದ್ದುಗಳನ್ನು ಒಟ್ಟಿಗೆ ಕೊಡುವ ಧೈರ್ಯ ಮಾಡಿದರು. ಅವುಗಳಲ್ಲೊಂದು ಮೆಥೊಟ್ರೆಕ್ಸೇಟ್, ಇನ್ನೊಂದು ಮರ್ಕ್ಯಾಪ್ಟೊಪ್ಯೂರಿನ್. ಎರಡನೆಯದನ್ನು ತಯಾರಿಸಿದವರು ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್. ಈ ಹಿಚಿಂಗ್ಸ್ ಕೂಡ ಸುಬ್ಬರಾವ್ ದುಡಿದ ಫಿಸ್ಕ್ ಪ್ರಯೋಗಾಲಯದಲ್ಲೇ ಓದಿದವರು. 1988ರಲ್ಲಿ ಎಲಿಯನ್, ಹಿಚಿಂಗ್ಸ್ ಇಬ್ಬರಿಗೂ ನೊಬೆಲ್ ಬಂತು. ಇವತ್ತಿಗೂ ಮಕ್ಕಳ ಈ ರಕ್ತದ ಕ್ಯಾನ್ಸರಿಗೆ ಕೊನೆಯ ಹಂತದ ದೀರ್ಘ ಚಿಕಿತ್ಸೆ ಎಂದರೆ ದಿನಾ ಮರ್ಕ್ಯಾಪ್ಟೊಪ್ಯೂರಿನ್, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್. ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್, ಮದ್ದು ಸರಿಯಾಗಿ ತಲುಪದ ಮೆದುಳಿನ ಕಡೆಗೂ ಚಿಕಿತ್ಸೆ ಸೇರಿಸಿದರು. ತೋಟಕ್ಕೆಲ್ಲ ಬೋರ್ಡೋ ಹೊಡೆದು ಬೇಲಿಯಾಚೆಯ ಪಾಳುತೋಟ ಬಿಟ್ಟರೆ ತುಕ್ಕು ಅಲ್ಲಿಂದಲೇ ಬರುತ್ತದಲ್ಲ, ಹಾಗೆ. 1960ರ ದಶಕದ ಕೊನೆಗೆ ಅಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಪೂರ್ತಿ ಗುಣವಾದರು. ಇವತ್ತು ಶ್ರೀಮಂತ ದೇಶಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಬದುಕುತ್ತಾರೆ.

1979ರಲ್ಲಿ ಕೆನಡಾದ ವೈದ್ಯ ಜೇಮ್ಸ್ ಗೋಲ್ಡಿ ಮತ್ತು ಗಣಿತಜ್ಞ ಆಂಡ್ರ್ಯೂ ಕೋಲ್ಡ್‌ಮನ್ ಇದನ್ನೆಲ್ಲ ಸೂತ್ರದಲ್ಲಿ ಕಟ್ಟಿದರು. ಗಡ್ಡೆ ದೊಡ್ಡದಾದಷ್ಟೂ ಮೊಂಡು ಕೋಶ ಇರುವ ಸಂಭವ ಹೆಚ್ಚು, ಆದ್ದರಿಂದ ಬೇಗ ಶುರು ಮಾಡಿ, ಹಲವು ಮದ್ದು ಕೊಡಿ ಎಂಬುದು ಅದರ ಸಾರ. ಸೂತ್ರ ದೇಹವಲ್ಲ ಎಂಬುದೂ ನಿಜ. ಒಂದೇ ಬದಲಾವಣೆ ಎರಡು ಮದ್ದುಗಳಿಂದ ಕಾಪಾಡಬಹುದು. ಮೆಥೊಟ್ರೆಕ್ಸೇಟ್ ಗುರಿಯಿಟ್ಟ ಕಿಣ್ವದ ಜೀನನ್ನೇ ಕ್ಯಾನ್ಸರ್ ಕೋಶಗಳು ಹತ್ತಾರು ಪಟ್ಟು ಹೆಚ್ಚಿಸಿಕೊಂಡು ಮದ್ದನ್ನು ಸಾಲದಂತೆ ಮಾಡುತ್ತವೆ ಎಂದು 1978ರಲ್ಲಿ ತಿಳಿಯಿತು. ಪೂರ್ತಿ ಗುಣವಾಗದ ಕೆಲವು ಕ್ಯಾನ್ಸರುಗಳಲ್ಲಿ ಎಲ್ಲವನ್ನೂ ಕೊಲ್ಲಲು ಹೋಗದೆ, ಮದ್ದಿಗೆ ಬಗ್ಗುವ ಕೋಶಗಳನ್ನು ಸ್ವಲ್ಪ ಉಳಿಸಿ ಅವುಗಳಿಂದಲೇ ಮೊಂಡುಗಳನ್ನು ಅದುಮಿಡುವ ಪ್ರಯೋಗವನ್ನು ಫ್ಲಾರಿಡಾದ ರಾಬರ್ಟ್ ಗೇಟನ್‌ಬಿ ನಡೆಸಿದ್ದಾರೆ. ಅವರು ಪಾಠ ಕಲಿತದ್ದು ಎಲೆಕೋಸಿನ ಹುಳಕ್ಕೆ ಔಷಧ ಹೊಡೆದು ಸೋತ ರೈತರಿಂದ. ಆದರೆ ಅದು ಬೇರೆ ರೋಗದ, ವೈದ್ಯರ ಕಣ್ಗಾವಲಿನ ಲೆಕ್ಕ. ಮನೆಯಲ್ಲಿ ನಾವೇ ಮಾತ್ರೆ ನಿಲ್ಲಿಸಿ ನೋಡಲಿಕ್ಕೆ ಅದು ಅಪ್ಪಣೆಯಲ್ಲ.

ಮಕ್ಕಳ ರಕ್ತದ ಕ್ಯಾನ್ಸರಿನ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಮೊದಲ ಕೆಲವು ವಾರದಲ್ಲೇ ಮಗು ಗೆಲುವಾಗುತ್ತದೆ. ಉಳಿದ ಎರಡು ವರ್ಷ ನಡೆಯುವುದು ಕಾಣದ ಕೋಶಗಳ ವಿರುದ್ಧ. ಹೆತ್ತೂರಿನಿಂದಲೋ ಹಾನುಬಾಳಿನಿಂದಲೋ ಕೆಂಚಮ್ಮನ ಹೊಸಕೋಟೆಯಿಂದಲೋ ಬೆಂಗಳೂರಿಗೆ ಹೋಗಿ ಬರುವುದೆಂದರೆ ಕನಿಷ್ಠ ಎರಡು ದಿನ. ಕಾಫಿ ಕೊಯ್ಲಿನ ತಿಂಗಳುಗಳೇ ಕೂಲಿಯವರಿಗೆ ನಾಲ್ಕು ಕಾಸು ಕೂಡುವ ಕಾಲ. ಕಣ್ಣೆದುರು ಮಗು ಕುಣಿದಾಡುತ್ತಿರುವಾಗ, ಈ ಸಲ ಬಿಟ್ಟು ಮುಂದಿನ ತಿಂಗಳು ಹೋದರಾಯ್ತು ಅನ್ನಿಸುವುದು ಅಜ್ಞಾನ ಅಲ್ಲ, ಬಡತನದ ಲೆಕ್ಕಾಚಾರ. ಆದರೆ ಕೋಶಗಳ ಲೆಕ್ಕ ಇದಕ್ಕೆ ವಿನಾಯಿತಿ ಕೊಡುವುದಿಲ್ಲ. ಭಾರತದಲ್ಲಿ ಕ್ಯಾನ್ಸರ್ ಬಂದ ಮಕ್ಕಳು ಕೈತಪ್ಪಲು ಚಿಕಿತ್ಸೆ ನಡುವೆ ನಿಲ್ಲುವುದೂ ಒಂದು ದೊಡ್ಡ ಕಾರಣ.

ಆದ್ದರಿಂದ ಕೇಳಬೇಕಾದ್ದು ಮನೆಯವರನ್ನಷ್ಟೇ ಅಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಡವರ ಆಸ್ಪತ್ರೆ ಬಿಲ್ಲಿಗೆ ದಾರಿಯಿದೆ. ಶಕ್ತಿ ಯೋಜನೆಯಿಂದ ತಾಯಿಗೆ ಸರ್ಕಾರಿ ಬಸ್ಸು ಉಚಿತ. ತಪ್ಪಿದ ಕೂಲಿಗೆ ಏನು? ಕ್ಷಯ ರೋಗಿಗೆ ಚಿಕಿತ್ಸೆ ಮುಗಿಯುವವರೆಗೆ ಪ್ರತಿ ತಿಂಗಳು ಪೋಷಣೆಯ ಹಣ ಹಾಕುವ ಸರ್ಕಾರ, ಅದೇ ಗುಣಾಕಾರದ ಮೇಲೆ ನಿಂತ ಮಗುವಿನ ಕ್ಯಾನ್ಸರ್ ಚಿಕಿತ್ಸೆಗೂ ಹಾಗೆ ಮಾಡಬಹುದು. ದೀರ್ಘ ಹಂತದ ರಕ್ತ ಪರೀಕ್ಷೆ, ಮಾತ್ರೆ ವಿತರಣೆಯನ್ನು ಬೆಂಗಳೂರಿನ ತಜ್ಞರ ಸಲಹೆಯಂತೆ ಹಾಸನದಲ್ಲೇ ನಡೆಸಬಹುದು. ಬಸುರಿಯರ ಪಟ್ಟಿ ಇಟ್ಟುಕೊಳ್ಳುವ ಆಶಾ ಕಾರ್ಯಕರ್ತೆಗೆ ಇಂಥ ಮಗುವಿನ ಹೆಸರನ್ನೂ ಕೊಟ್ಟು, ಆ ಕೆಲಸಕ್ಕೆ ತಕ್ಕ ಗೌರವಧನವನ್ನೂ ಕೊಡಬಹುದು. ಒಂದು ಎಚ್ಚರ ಮಾತ್ರ ಆಕೆಗೂ ಮನೆಯವರಿಗೂ ಬಿಡಿಸಿ ಹೇಳಬೇಕು: ವಾರಕ್ಕೊಮ್ಮೆ ಎಂದು ಬರೆದ ಮೆಥೊಟ್ರೆಕ್ಸೇಟನ್ನು ತಪ್ಪಿ ದಿನಾ ನುಂಗಿದರೆ ಜೀವಕ್ಕೇ ಅಪಾಯ.

ಸುಬ್ಬರಾವ್ ಹುಟ್ಟಿದ ನೂರನೇ ವರ್ಷಕ್ಕೆ, 1995ರಲ್ಲಿ, ಭಾರತ ಸರ್ಕಾರ ಅವರ ಹೆಸರಲ್ಲಿ ಅಂಚೆ ಚೀಟಿ ಹೊರಡಿಸಿತು. ಅದು ಸರಿಯೇ. ಅವರು ಮಾಡಿಟ್ಟು ಹೋದ ಮಾತ್ರೆ ಇವತ್ತು ಅಗ್ಗದ ಮದ್ದು, ನಮ್ಮ ದೇಶದಲ್ಲೇ ತಯಾರಾಗುತ್ತದೆ. ಅದನ್ನು ಕೊನೆಯ ವಾರದವರೆಗೂ ಮಗುವಿನ ಕೈಗೆ ತಲುಪಿಸುವ ವ್ಯವಸ್ಥೆ ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ. ಅದನ್ನು ನಾವೇ ಕಟ್ಟಬೇಕು.